ಉಂಗುರದಲ್ಲಿ ಒಂದು ಸೀಳು

ನಮ್ಮ ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಯಾರೂ ಓದದ ಸಣ್ಣ ಅಕ್ಷರದ ಕಾಗದ, ಅದನ್ನು ಅಚ್ಚಿಗೆ ಹೋಗುವ ಮೊದಲು ಓದುವುದು ಅವಳ ಕೆಲಸ. ಎಡಗಡೆ ಕಂಪನಿಯವರ ಮೂಲಪ್ರತಿ, ಬಲಗಡೆ ನಾನು ಟೈಪ್ ಮಾಡಿದ ಕರಡು, ನಡುವೆ ಅವಳ ಭೂತಗನ್ನಡಿ. ಒಂದು ಚುಕ್ಕೆ ಬಿಟ್ಟುಹೋದರೆ ಅರ್ಧ ಮಾತ್ರೆ ಐದು ಮಾತ್ರೆಯಾಗುತ್ತದೆ ಅನ್ನುತ್ತಿದ್ದಳು. ಏಳು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಅಕ್ಷರವೂ ಹೊರಗೆ ಹೋಗಿರಲಿಲ್ಲ.

ಕಷ್ಟವೆಂದರೆ ಆ ಕಣ್ಣು ಕೆಲಸ ಮುಗಿದ ಮೇಲೂ ಮುಚ್ಚುತ್ತಿರಲಿಲ್ಲ. ಹಾಲಿನ ಪೊಟ್ಟಣದ ತಾರೀಖು, ಬಸ್ಸಿನವನು ಕೊಟ್ಟ ಚೀಟಿ, ಯಾವುದನ್ನೂ ಅವಳು ಹಾಗೇ ನಂಬಿದವಳಲ್ಲ. ನಾನು ತಲೆನೋವೆಂದು ರಜೆ ಹಾಕಿದರೆ ಮರುದಿನ ಬೆಳಿಗ್ಗೆ "ಯಾವ ಕಡೆ ನೋವಿತ್ತು ಅಕ್ಕಾ?" ಅಂತ ಕೇಳುವಳು. ಮಧ್ಯಾಹ್ನ ಅದನ್ನೇ ಇನ್ನೊಂದು ಸಲ ಕೇಳುವಳು. ಎರಡು ಉತ್ತರ ತಾಳೆಯಾಗುತ್ತದೋ ಇಲ್ಲವೋ ನೋಡಬೇಕಲ್ಲ.

ಇಂಥವಳಿಗೆ ಮೂವತ್ತಾರನೇ ವಯಸ್ಸಿನಲ್ಲಿ ಮದುವೆ ಗೊತ್ತಾಯಿತು. ಗಂಡು ಲಿಫ್ಟ್ ಮೆಕ್ಯಾನಿಕ್, ನಲವತ್ತರ ಹತ್ತಿರ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ನಿಂತಾಗ ಬಂದವರು. ರಿಪೇರಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದವರನ್ನು ಇವಳು ನಿಲ್ಲಿಸಿ, "ನಿಜವಾಗಲೂ ಸರಿಹೋಯ್ತಾ?" ಅಂದಳು.

"ಇಲ್ಲ," ಅಂದರು ಅವರು. "ಇನ್ನೆರಡು ತಿಂಗಳಿಗೆ ಮತ್ತೆ ನಿಲ್ಲುತ್ತೆ. ಹೊಸ ಭಾಗ ಹಾಕಿಸಿ ಅಂದೆ, ನಿಮ್ಮ ಮಾಲೀಕರು ಬೇಡ ಅಂದ್ರು."

ಎರಡು ತಿಂಗಳಿಗೆ ಸರಿಯಾಗಿ ಲಿಫ್ಟ್ ನಿಂತಿತು. ಅವರು ಮತ್ತೆ ಬಂದರು. ಹೇಳಿದ ಮಾತು ಹೇಳಿದ ಹಾಗೆ ನಡೆದದ್ದು ಅವಳಿಗೆ ಹಿಡಿಸಿರಬೇಕು. ಆರು ತಿಂಗಳಲ್ಲಿ ವಿಷಯ ಮದುವೆಯ ತನಕ ಬಂತು. ಅವರಿಗೆ ಮನೆಯವರು ಅಂತ ಇದ್ದದ್ದು ಒಬ್ಬ ಅಕ್ಕ ಮಾತ್ರ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ತನಗೆ ಹಿಂದೆ ಮದುವೆಯಾಗಿಲ್ಲ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದರು.

ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಉಂಗುರ ಆರಿಸಲು ಹೊರಟರು. ನನ್ನನ್ನೂ ಎಳೆದುಕೊಂಡು ಹೋದಳು. ಕಿರಿದಾದ ಅಂಗಡಿ. ಗಾಜಿನ ಕಪಾಟಿನ ಹಿಂದೆ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ಮುದುಕ ಅಕ್ಕಸಾಲಿ ಒಬ್ಬರೇ ಕೂತಿದ್ದರು. ಕಪ್ಪು ಮಖಮಲ್ ಬಟ್ಟೆ ಹಾಸಿ ಹತ್ತಾರು ಜೋಡಿ ಉಂಗುರ ಸಾಲಾಗಿ ಇಟ್ಟರು. ಇವಳು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ಹೊರಗಿನ ಹೊಳಪಿಗಿಂತ ಒಳಮೈಯನ್ನೇ ನೋಡಿದಳು. ಒಂದರಲ್ಲಿ ಬೆಸುಗೆಯ ಗುಳ್ಳೆ ಕಂಡುಹಿಡಿದಳು. ಮುದುಕರು ಮಸೂರ ಸರಿಮಾಡಿಕೊಂಡು ನೋಡಿ ಅದನ್ನು ಡ್ರಾಯರಿಗೆ ಹಾಕಿದರು.

ಮದುಮಗ ಮಾತ್ರ ಯಾವುದನ್ನೂ ಮುಟ್ಟಲಿಲ್ಲ. ಎಡಗೈ ಜೇಬಿನಲ್ಲೇ ಇತ್ತು. "ನಿಮಗೆ ಯಾವುದು ಇಷ್ಟವೋ ಅದು," ಅಂದರು. ಕೊನೆಗೆ ಅವಳೇ ಕೆತ್ತನೆಯಿಲ್ಲದ ಒಂದು ಸಾದಾ ಜೋಡಿ ಆರಿಸಿದಳು. ಅಕ್ಕಸಾಲಿ ಅಳತೆ ಉಂಗುರಗಳ ಗೊಂಚಲು ತೆಗೆದು, "ಎಡಗೈ ಕೊಡಿ" ಅಂದರು.

"ಇಪ್ಪತ್ತೆರಡು," ಅಂದರು ಮದುಮಗ, ಕೈ ಕೊಡದೆಯೇ.

ಭೂತಗನ್ನಡಿಯ ಕಿವಿ ನೆಟ್ಟಗಾಯಿತು. "ನಿಮಗೆ ಹೇಗೆ ಗೊತ್ತು?"

"ಹಿಂದೆ ಒಂದು ಸಲ ಅಳೆಸಿದ್ದೆ."

ಮುದುಕರು ಬಿಡಲಿಲ್ಲ, ಕೈ ಎಳೆದುಕೊಂಡು ಅಳತೆ ಹಾಕಿಯೇ ಹಾಕಿದರು. ಇಪ್ಪತ್ತೆರಡೇ. ಆ ಒಂದು ಗಳಿಗೆಯಲ್ಲಿ ಉಂಗುರ ಬೆರಳಿನ ಬುಡದಲ್ಲಿ ಸುತ್ತಲೂ ಬೆಳ್ಳಗಿನ ಪಟ್ಟಿ ಇದ್ದದ್ದು ಅವಳಿಗೆ ಕಂಡಿತು. ಅವರು ಕೈ ಮತ್ತೆ ಜೇಬಿಗೆ ಸೇರಿಸಿದರು.

ಅವರು ಬಸ್ ಹತ್ತಿ ಹೋದ ಮೇಲೆ, "ನೋಡಿದ್ರಾ ಅಕ್ಕಾ? ವರ್ಷಗಟ್ಟಲೆ ಉಂಗುರ ಹಾಕಿದ ಬೆರಳು ಅದು," ಅಂದಳು.

"ಗ್ರೀಸು ಗೀಸು ಹತ್ತಿರಬೇಕು, ಬಿಡೇ."

"ಗ್ರೀಸು ಬೆಳ್ಳಗಿರುತ್ತಾ?"

ಬುಧವಾರ ಅವಳು ತನ್ನ ಉಂಗುರದ ಅಳತೆ ಸರಿಮಾಡಿಸಿಕೊಳ್ಳಲು ಒಬ್ಬಳೇ ಹೋದಳು. ಅಕ್ಕಸಾಲಿ ಅವಳನ್ನು ಕಂಡು ಕಣ್ಣಿನ ಮಸೂರ ತೆಗೆದಿಟ್ಟರು.

"ನಿಮ್ಮವರು ನಿನ್ನೆ ಬಂದಿದ್ರು ಕಣಮ್ಮಾ. ತಮ್ಮ ಉಂಗುರಕ್ಕೆ ಕೆಳಗಡೆ ಒಂದು ಸೀಳು ಹಾಕಿಕೊಡಿ ಅಂದ್ರು. ಜೋರಾಗಿ ಎಳೆದ್ರೆ ತಕ್ಷಣ ಬಿಚ್ಚಿಕೊಂಡು ಬರೋ ಹಾಗಿರಬೇಕಂತೆ."

"ಯಾಕಂತೆ?"

"ಕೇಳಿದೆ, ಹೇಳಲಿಲ್ಲ. ನಿಮಗೆ ತಿಳಿಸೋದು ಬೇಡ ಅಂದ್ರು. ಆದ್ರೆ ನಾಳೆ ಅದು ಸೊಟ್ಟಗಾಗಿ ನೀವು ನನ್ನ ಕೆಲಸ ಸರಿ ಇಲ್ಲ ಅನ್ನಬಾರದು ನೋಡಿ. ನಲವತ್ತು ವರ್ಷದಲ್ಲಿ ಇಂಥ ಉಂಗುರ ಯಾರೂ ಮಾಡಿಸಿಲ್ಲ."

ಮುದ್ರಣಾಲಯಕ್ಕೆ ವಾಪಸ್ಸು ಬಂದು ಅಕ್ಕಸಾಲಿ ಅಂದದ್ದನ್ನೆಲ್ಲ ನನಗೆ ಹೇಳಿದಳು. ಆ ದಿನ ಮೊದಲ ಬಾರಿಗೆ ನನ್ನ ಕರಡಿನಲ್ಲಿ ಒಂದು ತಪ್ಪು ಹಾಗೇ ಬಿಟ್ಟಳು. ನಾನೇ ನೋಡಿ ತಿದ್ದಿದೆ. ನನಗೂ ಅನುಮಾನ ಹುಟ್ಟಿದ್ದು ಆಗಲೇ. ಅಲ್ಲಿಯ ತನಕ ಇದು ಅವಳ ಹಳೇ ರೋಗ ಅಂದುಕೊಂಡಿದ್ದೆ. ಬೇಕಾದಾಗ ಕಳಚಿ ಜೇಬಿಗೆ ಹಾಕಿಕೊಳ್ಳುವ ಮದುವೆ ಉಂಗುರ ಯಾವ ಗಂಡಸಿಗೆ ಬೇಕು? ಇನ್ನೊಂದು ಮನೆ ಇರುವವನಿಗೆ. ಇಬ್ಬರ ತಲೆಯಲ್ಲೂ ಅದೇ ಓಡುತ್ತಿತ್ತು.

"ಅವರನ್ನೇ ಕೇಳು," ಅಂದೆ.

ಕೇಳಲಿಲ್ಲ. ಮರುದಿನ ಬಟ್ಟೆ ಹೊಲಿಸುವ ನೆಪ ಮಾಡಿಕೊಂಡು ಅವರ ಅಕ್ಕನ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿ ಪಕ್ಕ ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆ ಚೂರು. ಆಕೆ ಅಳತೆ ತೆಗೆಯುತ್ತಿದ್ದಾಗ ಇವಳು ಮೆಲ್ಲಗೆ, "ಇದಕ್ಕೆ ಮುಂಚೆ ಅವರಿಗೆ ಎಲ್ಲಾದರೂ ಮಾತುಕತೆ ಆಗಿತ್ತಾ ಅತ್ತಿಗೆ?" ಅಂದಳು.

ಟೇಪು ಹಿಡಿದ ಕೈ ಅಲ್ಲೇ ನಿಂತಿತು. "ಅದನ್ನ ನನ್ನ ಬಾಯಲ್ಲಿ ಕೇಳಬೇಡಮ್ಮ. ಅವನನ್ನೇ ಕೇಳು," ಅಂದರು ಆಕೆ. ಆಮೇಲೆ ಕುತ್ತಿಗೆಯ ಅಳತೆ ಎರಡು ಸಲ ತಪ್ಪಾಗಿ ಬರೆದುಕೊಂಡರು.

ಅಲ್ಲಿಗೆ ಮುಗಿಯಿತು ಅಂದುಕೊಂಡಳು ನಮ್ಮವಳು. ಶುಕ್ರವಾರ ಬೆಳಿಗ್ಗೆ, "ಬೇಡ ಅಂತ ಹೇಳಿಬಿಡ್ತೀನಿ ಅಕ್ಕಾ. ಕಾರಣ ಕೇಳಿದ್ರೆ ಏನೂ ಹೇಳಲ್ಲ," ಅಂದಳು. ಕಣ್ಣು ಊದಿಕೊಂಡಿತ್ತು.

ಆದರೆ ಅವಳು ಹೇಳುವ ಮೊದಲೇ, ಅಕ್ಕನಿಂದ ವಿಷಯ ತಿಳಿದು ಅವರೇ ಬಂದರು. ಊಟದ ಹೊತ್ತು, ಕೆಳಗಿನ ಯಂತ್ರಗಳು ನಿಂತಿದ್ದವು. ಕೆಲಸದ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ನೇರ ಅವಳ ಮೇಜಿನ ಹತ್ತಿರ ಬಂದು ನಿಂತರು. ನಾನು ಏಳಲು ಹೋದೆ. "ನೀವೂ ಇರಿ," ಅಂದರು.

ಎಡಗೈಯನ್ನು ಅವಳ ಮುಂದೆ, ಕರಡು ಕಾಗದದ ಮೇಲೆ ಇಟ್ಟರು. "ನಿಮ್ಮ ಗಾಜು ತಗೊಂಡು ನೋಡಿ."

ಅವಳು ನೋಡಿದಳು. ಬಹಳ ಹೊತ್ತು ನೋಡಿ ಗಾಜನ್ನು ನನಗೆ ಕೊಟ್ಟಳು. ಬೆಳ್ಳಗಿನ ಗೆರೆಯ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆಗಳಿದ್ದವು. ಹೊಲಿಗೆಯ ಗುರುತು.

"ಅಪ್ಪನ ಉಂಗುರ ಹಾಕ್ಕೋತಿದ್ದೆ," ಅಂದರು. "ಆರು ವರ್ಷದ ಹಿಂದೆ ಲಿಫ್ಟಿನ ಮೇಲಿಂದ ಕೆಳಗೆ ಹಾರಿದೆ. ಉಂಗುರ ಒಂದು ಬೋಲ್ಟಿಗೆ ಸಿಕ್ಕಿಕೊಂಡಿತು. ನಾನು ಕೆಳಗೆ ಬಂದೆ, ಬೆರಳು ಪೂರ್ತಿ ಬರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿದು ಉಳಿಸಿದ್ರು. ಈಗಲೂ ತುದಿಗೆ ಬಿಸಿ ತಣ್ಣಗೆ ಗೊತ್ತಾಗಲ್ಲ."

ಅದಾದ ಮರುವರ್ಷ ಒಂದು ಕಡೆ ಮದುವೆ ಗೊತ್ತಾಗಿತ್ತಂತೆ. ಉಂಗುರಕ್ಕೆ ಅಳತೆಯನ್ನೂ ಕೊಟ್ಟು ಬಂದಿದ್ದರಂತೆ. ಆಮೇಲೆ ಹೆದರಿಕೆಯಾಗಿ, ಉಂಗುರ ಹಾಕಿಕೊಳ್ಳಲಾರೆ ಎಂದು ಹೇಳಿದ್ದಾರೆ. ಹುಡುಗಿಯ ಚಿಕ್ಕಪ್ಪ ಮೂಗು ಮುರಿದು, ಉಂಗುರ ಬೇಡ ಅನ್ನುವ ಗಂಡು ಏನನ್ನೋ ಮುಚ್ಚಿಡುತ್ತಿದ್ದಾನೆ ಅಂದನಂತೆ. ಗಾಯ ತೋರಿಸಿದರೆ ಅದೂ ಕಟ್ಟುಕಥೆ ಅಂದನಂತೆ. ಆ ಮದುವೆ ಮುರಿಯಿತು.

"ಅದಕ್ಕೆ ಈ ಸಲ ಸುಮ್ಮನೆ ಹಾಕಿಕೊಂಡುಬಿಡೋಣ, ಸೀಳೊಂದಿದ್ರೆ ಬೆರಳು ಉಳಿಯುತ್ತೆ ಅಂದ್ಕೊಂಡೆ," ಅಂದರು. ಆಮೇಲೆ ಸ್ವಲ್ಪ ತಡೆದು, "ನೀವು ನನ್ನನ್ನೇ ಕೇಳಬಹುದಿತ್ತು," ಅಂದರು. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

"ಕೇಳಿದ್ರೆ ನೀವು ಹೇಳೋದು ಕರಡು ಮಾತ್ರ," ಅಂದಳು ಅವಳು ತಲೆ ತಗ್ಗಿಸಿ. "ಮೂಲಪ್ರತಿ ನೋಡದೆ ನನಗೆ ಸಮಾಧಾನ ಇಲ್ಲ."

"ಈ ಬುದ್ಧಿ ಎಲ್ಲಿಂದ ಬಂತು ನಿಮಗೆ?"

ಏಳು ವರ್ಷ ಎದುರು ಮೇಜಿನಲ್ಲಿ ಕೂತ ನನಗೂ ಗೊತ್ತಿರದಿದ್ದದ್ದು ಆಗ ಹೊರಗೆ ಬಂತು. ಇಲ್ಲಿಗೆ ಬರುವ ಮೊದಲು ಅವಳು ಆಮಂತ್ರಣ ಪತ್ರ ಅಚ್ಚು ಹಾಕುವ ಕಡೆ ಕೆಲಸ ಮಾಡುತ್ತಿದ್ದಳು. ಮದುವೆ ಗೊತ್ತಾಗಿತ್ತು, ದಿನವೂ ನಿಗದಿಯಾಗಿತ್ತು. ಒಂದು ಬೆಳಿಗ್ಗೆ ಯಾವುದೋ ಮಗುವಿನ ಮೊದಲ ಹುಟ್ಟುಹಬ್ಬದ ಕಾರ್ಡು ತಿದ್ದಲು ಬಂತು. ತಂದೆ ಎಂದಿದ್ದ ಕಡೆ ತಾನು ಮದುವೆಯಾಗಬೇಕಿದ್ದವನ ಹೆಸರು, ಅವನ ಕೆಲಸ, ಅವನು ಯಾವತ್ತೂ ಹೇಳದ ಒಂದು ವಿಳಾಸ.

"ಏನು ಮಾಡಿದ್ರಿ?" ಅಂದರು ಅವರು.

"ಎರಡು ಕಾಗುಣಿತ ತಪ್ಪಿತ್ತು. ತಿದ್ದಿ ಸಹಿ ಹಾಕಿ ಕಳಿಸಿದೆ."

ಅವರು ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತರು. ಕೆಳಗೆ ಯಂತ್ರಗಳು ಮತ್ತೆ ಶುರುವಾಗಿ ನೆಲ ಅದುರತೊಡಗಿದಾಗ ಅವಳು ಅಂದಳು, "ನಿಮಗೆ ಉಂಗುರ ಬೇಡ."

"ಬೇಕು," ಅಂದರು ಅವರು. "ಕೆಲಸದ ಹೊತ್ತಲ್ಲಿ ತೆಗೆದಿಡ್ತೀನಿ. ತೆಗೆದಿಟ್ಟಿದ್ದನ್ನ ನೋಡಿ ಮತ್ತೆ ನಮ್ಮಕ್ಕನ ಹತ್ತಿರ ಬಟ್ಟೆ ಹೊಲಿಸೋಕೆ ಹೋಗಬೇಡಿ, ಅಷ್ಟೇ."

ಅವಳು ನಕ್ಕಳು. ಆಮೇಲೆ ಅತ್ತಳು.

ಮದುವೆ ಮುಂದಿನ ತಿಂಗಳೇ ಆಯಿತು. ಗಂಡನ ಅಕ್ಕನಿಗೆ ಮಾತ್ರ ಆ ನೆಪದ ಹೊಲಿಗೆ ಬಹಳ ದಿನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಇವಳೇ ಹೋಗಿ ನಾಲ್ಕಾರು ಭಾನುವಾರ ಗುಂಡಿ ಹೊಲಿದುಕೊಟ್ಟ ಮೇಲೆ ಮುಖ ಕೊಟ್ಟು ಮಾತಾಡಿದರು.

ಅವಳ ಅನುಮಾನ ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಅದು ಗೊತ್ತಿದ್ದೇ ಅವಳ ಗಂಡ ಈಗ ದಿನವೂ ಮಧ್ಯಾಹ್ನ ಫೋನ್ ಮಾಡಿ, ಇವತ್ತು ಇಂಥ ಕಟ್ಟಡ, ಏಳನೇ ಮಹಡಿ, ಊಟ ಆಯಿತು, ಜೊತೆಗೆ ಇಂಥವರಿದ್ದಾರೆ ಎಂದು ಒಪ್ಪಿಸುತ್ತಾರೆ. "ನಾನೇನೂ ಕೇಳಲಿಲ್ವಲ್ಲ," ಅನ್ನುತ್ತಾಳೆ ಇವಳು. ಫೋನ್ ಇಟ್ಟು ಸ್ವಲ್ಪ ಹೊತ್ತು ಮುಗುಳ್ನಗುತ್ತಾ ಕೂರುತ್ತಾಳೆ. ಆಮೇಲೆ ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗುತ್ತಾಳೆ.

"ಅಕ್ಕಾ, ಕೇಳದೆ ಇಷ್ಟೊಂದು ಯಾಕೆ ಹೇಳ್ತಾರೆ ಇವರು?"