ನಾಲ್ಕೂ ಚಕ್ರ ಚುಂಯ್ ಅಂದ ದಿನ

ನನ್ನ ಮೊದಲ ಮೊಮ್ಮಗಳು ತರೀಕೆರೆ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅಜ್ಜಂಪುರದಲ್ಲಿ ನನ್ನದೊಂದು ರಿಪೇರಿ ಶೆಡ್ಡು ಇತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಾಲೆಯ ಓದು ನನಗೆ ಹತ್ತಲಿಲ್ಲ. ಕಲಿತದ್ದೆಲ್ಲ ಲಾರಿಗಳ ಅಡಿಯಲ್ಲಿ ಮಲಗಿ. ಸುದ್ದಿ ಬಂದಾಗ ಕೈಯಲ್ಲೇ ಇದ್ದ ಸ್ಪ್ಯಾನರನ್ನು ಶೆಡ್ಡೆಲ್ಲ ಹುಡುಕಿದೆ, ಅಷ್ಟು ಖುಷಿ!

ದೊಡ್ಡಮನೆ ಯಜಮಾನರು, "ಬಾಣಂತಿ, ಕೂಸು ಬಸ್ಸಲ್ಲಿ ಯಾಕ್ರೀ ಕುಲುಕಾಡ್ಬೇಕು? ನಮ್ ಕಾರ್ ತಗಂಡ್ ಹೋಗಿ" ಅಂದುಬಿಟ್ಟರು.

ಆ ಕಾರು! ಅವರ ತಂದೆಯ ಕಾಲದ್ದು, ಹಡಗಿನಲ್ಲಿ ಬಂದದ್ದು. ತೊಗಲಿನ ಸೀಟು, ತೇಗದಂತೆ ಹೊಳೆಯುವ ಮರದ ಡ್ಯಾಶ್‌ಬೋರ್ಡು. ಬೀದಿಯಲ್ಲಿ ಹೋದರೆ ಆನೆ ಬಂದ ಹಾಗೆ ಜನ ನಿಂತು ನೋಡುತ್ತಿದ್ದರು.

ನಾಳೆ ಹೊರಡಬೇಕು ಅನ್ನುವಾಗ ಅವರ ಹಳೇ ಡ್ರೈವರು ಕಾರನ್ನು ನರಳಿಸುತ್ತಾ ಶೆಡ್ಡಿಗೆ ತಂದ. "ಹಿಂದಿಂದ ಯಾರೋ ಹಿಡ್ಕಂಡಂಗೆ ಆಯ್ತದೆ ಕಣಪ್ಪಾ. ನಿಂಬೆಹಣ್ಣು ತುಳಿಸ್ದೆ, ದೃಷ್ಟೀನೂ ತೆಗೆಸ್ದೆ. ಜಗ್ಗಲ್ಲ ಅಂತದೆ."

ಬ್ರೇಕ್ ಪೆಡಲ್ ಒತ್ತಿದೆ. ಕಲ್ಲಿನಂತೆ ಗಟ್ಟಿ. ಇದರಲ್ಲಿ ಹಸುಗೂಸನ್ನು ತರುವುದೇ?

ಊಟ ತಂದಿದ್ದ ನನ್ನ ಹೆಂಡತಿ ಚೊಂಬಿನ ನೀರಲ್ಲಿ ಬೆರಳು ಅದ್ದಿ, ದೋಸೆ ಕಾವಲಿಗೆ ಚಿಮುಕಿಸುವಂತೆ ಒಂದೊಂದೇ ಚಕ್ರದ ನಡುವಿಗೆ ಚಿಮುಕಿಸಿದಳು. ಚುಂಯ್! "ನಾಲ್ಕೂ ಒಂದೇ ಥರ ಕಾದವೆ ಕಣ್ರೀ."

ಒಂದೇ ಕಾದಿದ್ದರೆ ಆ ಚಕ್ರದ ದೋಷ. ನಾಲ್ಕೂ ಕಾದರೆ, ನಾಲ್ಕಕ್ಕೂ ಒತ್ತಡ ಕಳಿಸುವ ಮುಖ್ಯ ಸಿಲಿಂಡರಿನದ್ದು. ಅದರ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಇಂಜಿನ್ ಆಯಿಲ್ ವಾಸನೆ!

"ಇದಕ್ಕೇನ್ ಹಾಕ್ದೆಯೋ?"

"ಮೊನ್ನೆ ಆಯುಧಪೂಜೆ ಅಲ್ವೇನಪ್ಪಾ? ಕಂಡ ಮುಚ್ಚಳ ಎಲ್ಲಾ ಬಿಚ್ಚಿ ಹೊಸಾ ಇಂಜಿನ್ ಆಯಿಲ್ ತುಂಬ್ಸಿದೆ. ಹಬ್ಬದ ದಿನ ಯಾವ್ದೂ ಹಸ್ಕಂಡಿರ್ಬಾರ್ದು ಅಂತ."

"ಬೀಗ್ರಿಗೆ ಬಡಿಸ್ದಂಗೆ ಬಡ್ಸಿದೀಯಲ್ಲೋ!" ಎಂದು ಹೆಂಡತಿ ನಕ್ಕಳು.

ಸಿಲಿಂಡರಿನ ಒಳಗೆ ಬಟ್ಟಲಿನಂತಿರುವ ರಬ್ಬರ್ ಕಪ್ ಆ ಎಣ್ಣೆ ಕುಡಿದು ನೆನೆಹಾಕಿದ ಅವರೆಕಾಳಿನಂತೆ ಉಬ್ಬಿತ್ತು. ಬ್ರೇಕ್ ಆಯಿಲ್ ಹಿಂದಕ್ಕೆ ಹರಿಯಲು ಅಲ್ಲೊಂದು ಸೂಜಿಮೊನೆಯಷ್ಟು ತೂತಿರುತ್ತದೆ. ಅದು ಮುಚ್ಚಿಹೋಗಿ, ಒಮ್ಮೆ ಹಿಡಿದ ಬ್ರೇಕು ಬಿಡುತ್ತಲೇ ಇರಲಿಲ್ಲ. ಅಂಥ ಆನೆಯನ್ನು ಅಷ್ಟು ಚಿಕ್ಕ ತೂತು ಕಟ್ಟಿಹಾಕಿತ್ತಲ್ಲ! ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಡ್ರೈವರು ಬಸ್ಸು ಹತ್ತಿ ಕಡೂರಿಗೆ ಹೋಗಿ, ಅದೇ ಅಳತೆಯ ಜೀಪಿನ ರಬ್ಬರ್ ಕಪ್‌ಗಳನ್ನೂ ಬ್ರೇಕಿನ ಹೋಸ್ ಪೈಪುಗಳನ್ನೂ ತಂದ. ಸಿಲಿಂಡರಿನ ಕಪ್ ಜೊತೆಗೆ ನಾಲ್ಕು ಚಕ್ರದ ರಬ್ಬರುಗಳನ್ನೂ ಬದಲಿಸಿದೆ, ಪೈಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು ಸರಿಯಾದ ಆಯಿಲ್ ತುಂಬಿದೆ. ಒಳಗಿನ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕು. ಹೆಂಡತಿ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕೂತಳು.

"ಒತ್ತು. ಹಿಡ್ಕಾ. ಈಗ ಬಿಡು."

"ಅಯ್ಯೋ, ಈಗ ಸಲೀಸಾಯ್ತು ಕಣ್ರೀ!"

ಅವಳ ಒಂದು ಪಾದ, ನಾಲ್ಕು ಚಕ್ರ. ಕಾರಿನಡಿ ಮಲಗಿದ್ದ ನನಗೆ ಅದೇ ಬೆರಗು.

ಮಾರನೆಯ ದಿನ ತರೀಕೆರೆಯಿಂದ ಬರುವಾಗ ಅಜ್ಜಂಪುರದ ರೈಲ್ವೆ ಗೇಟು ಹಾಕಿತ್ತು. ಡ್ರೈವರು ಬ್ರೇಕ್ ಒತ್ತಿದ. ಮಗಳ ಮಡಿಲಲ್ಲಿ ಕೂಸು ಮಿಸುಕಲಿಲ್ಲ. ಗೇಟು ತೆರೆದಾಗ ಅವನು ಕಾಲೆತ್ತಿದ. ಕಾರು ಹಗುರವಾಗಿ ಉರುಳಿತು.

ಮನೆ ಮುಂದೆ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ತಡೀರಿ" ಎಂದು ತಟ್ಟೆಯನ್ನು ಜಗಲಿಯ ಮೇಲಿಟ್ಟು, ಚೊಂಬಿನ ನೀರನ್ನು ನಾಲ್ಕೂ ಚಕ್ರಕ್ಕೆ ಚಿಮುಕಿಸಿದಳು. ಕಿವಿಯಿಟ್ಟು ಕೇಳಿದಳು. ಒಂದೂ ಚುಂಯ್ ಎನ್ನಲಿಲ್ಲ. ಆಮೇಲೆ ಆರತಿ ಎತ್ತಿ, ಮೊಮ್ಮಗಳನ್ನು ಒಳಕ್ಕೆ ಕರೆದುಕೊಂಡಳು.