ಗೊಬ್ಬೂರಿಗೆ ಬರುತ್ತಿದ್ದ ನರ್ಸಬಾಯಿ

ಎಂಬತ್ತರ ದಶಕದಲ್ಲಿ ನಮ್ಮ ಗೊಬ್ಬೂರಿಗೆ ಬಸ್ಸಿನಲ್ಲಿ ಬರುತ್ತಿದ್ದ ಸರ್ಕಾರಿ ನರ್ಸಬಾಯಿ, ಯಾರ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು ಒಲೆಯ ಮುಂದೆ ಕೂತು, "ಮೊದಲ ನೀವು ಏನ್ ಮಾಡೀರಿ, ಅದು ಹೇಳ್ರಿ" ಅನ್ನುತ್ತಿದ್ದಳು. ಮನೆಯವರು ಕಾಯಿಸಿದ ಕಷಾಯವನ್ನು ತಾನೂ ಒಂದು ಗುಟುಕು ಕುಡಿದು ನೋಡುತ್ತಿದ್ದಳು. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನನಗೆ ಅದೆಲ್ಲ ನಾಟಕವೆನಿಸುತ್ತಿತ್ತು.

ತವರಿಗೆ ಬಂದಿದ್ದ ಅಕ್ಕನ ಹೆರಿಗೆ ಕಷ್ಟವಾದಾಗ, ಆಪರೇಷನ್ ಬೇಕಾದೀತೆಂದು ಆಕೆಯೇ ಜೀಪು ತರಿಸಿದಳು. ಅದು ಟ್ರ್ಯಾಕ್ಟರ್ ಅನ್ನುತ್ತಾಳೆ ಅವ್ವ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಅವ್ವ ಬಾಗಿಲಿಗೆ ಅಡ್ಡ ನಿಂತದ್ದು ಮಾತ್ರ ನಿಜ.

"ದವಾಖಾನ್ಯಾಗ ಕೊರಳಿನ ಲಿಂಗ ಬಿಚ್ಚಿಸ್ತಾರ. ಸತ್ತರೂ ಬಿಚ್ಚಂಗಿಲ್ಲ!"

ನರ್ಸಬಾಯಿ ವಾದಿಸಲಿಲ್ಲ. "ಕೊರಳಾಗೇ ಇರಬೇಕೇನ್ರಿ ಅವ್ವಾರೆ? ತಲಿ ಮ್ಯಾಲ ಇಟ್ರ ನಡಿಯಂಗಿಲ್ಲೇನು?"

ಅವ್ವ ತಡವರಿಸಿದಳು. "ತಲಿ ಮ್ಯಾಲಂದ್ರ ಇನ್ನೂ ಚಲೋ."

"ಹಂಗಾದ್ರ ನೀವ ಕಟ್ರಿ. ನಾ ಮುಟ್ಟಂಗಿಲ್ಲ."

ಆಕೆಗೆ ಮೊದಲೇ ಉತ್ತರ ಗೊತ್ತಿತ್ತೋ, ಗೊತ್ತಿಲ್ಲದೆ ಕೇಳಿದಳೋ, ಇಂದಿಗೂ ನನಗೆ ಕುತೂಹಲ. ಅವ್ವ ಲಿಂಗವನ್ನು ಅಕ್ಕನ ನೆತ್ತಿಯ ಮೇಲಿಟ್ಟು ಬಿಳಿ ಬಟ್ಟೆ ಸುತ್ತಿದಳು.

ದವಾಖಾನೆಯಲ್ಲಿ ಡಾಕ್ಟರು, "ಈಕಿ ತಲಿಗೇನಾಗ್ಯಾದ?" ಎಂದು ಬಟ್ಟೆಗೆ ಕೈ ಚಾಚಿದರು. ನೋವಿನಲ್ಲೂ ಅಕ್ಕ ಎದ್ದು ಕೂತಳು. ನರ್ಸಬಾಯಿ ನಡುವೆ ಬಂದಳು.

"ತಲಿ ನಾ ನೋಡ್ಕೋತೀನ್ರಿ ಸಾಹೇಬ್ರೆ, ನೀವು ಹೊಟ್ಟಿ ನೋಡ್ರಿ."

ಡಾಕ್ಟರು ನಕ್ಕರು. ಅಕ್ಕ ತಾನಾಗಿ ಮಲಗಿದಳು. ಬಾಗಿಲು ಮುಚ್ಚಿತು.

ಒಳಗಿನಿಂದ ಕೂಸಿನ ಅಳು ಕೇಳಿದಾಗ ಅವ್ವ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಏನ್ ನಿಂತೀಯಲೇ? ಆ ನರ್ಸಬಾಯಿ ಮುಂಜಾನಿಂದ ಏನೂ ಉಂಡಿಲ್ಲ, ರೊಟ್ಟಿ ತಗೊಂಡು ಬಾ, ಓಡು."