ಕಂಡಕ್ಟರಮ್ಮ ಬರೆದ ಬೋರ್ಡು

ಅರ್ಧ ಆಯಸ್ಸು ಬಸ್ಸಿನಲ್ಲಿ ನಿಂತು “ಮುಂದೆ ಹೋಗಿ, ಮುಂದೆ ಹೋಗಿ” ಎಂದು ಕೂಗಿದವರು ಕಂಡಕ್ಟರಮ್ಮ. ನಿವೃತ್ತಿಯಾಯಿತೆಂದು ಮನೆಯಲ್ಲಿ ಸುಮ್ಮನೆ ಕೂರುವ ಜೀವವಲ್ಲ. ಬೀದಿಯವರನ್ನೆಲ್ಲ ಹುರಿದುಂಬಿಸಿ, ಬಡಾವಣೆ ಸಂಘದ ಖಾಲಿ ಕೋಣೆಯೊಂದನ್ನು ಹಿಡಿದು, ತೋಟಗಳಿಂದ ನೇರವಾಗಿ ತರಿಸಿದ ಹಣ್ಣು ತರಕಾರಿಯನ್ನು ತಂದ ಬೆಲೆಗೇ ಮಾರುವ ಅಂಗಡಿ ತೆರೆದರು. ಬೋರ್ಡನ್ನೂ ತಾವೇ ಬರೆದರು: ‘ಬಡವರ ಅಂಗಡಿ’. ಬರೆದು, ಹಿಂದೆ ಸರಿದು ನೋಡಿ ಬೀಗಿದ್ದೇ ಬೀಗಿದ್ದು.

ಗಿರಾಕಿಗಳ ಸುಳಿವೇ ಇಲ್ಲ. ಸೊಪ್ಪು ಬಾಡಿತು, ಟೊಮೆಟೊ ಮೆತ್ತಗಾಯಿತು. ಹೀಗೇ ಆದರೆ ತಿಂಗಳ ಕೊನೆಗೆ ಬೀಗ ಹಾಕುವುದೇ ಎಂದು ಸಂಘದ ಕಾರ್ಯದರ್ಶಿ ಹೇಳಿಯೂ ಆಯಿತು. ಅದಕ್ಕಿಂತ ಹೆಚ್ಚು ಕಂಡಕ್ಟರಮ್ಮನನ್ನು ಚುಚ್ಚಿದ್ದು ಸ್ವಂತ ನಾದಿನಿ. ಆಕೆಯ ಗಂಡ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮಕ್ಕಳ ತಟ್ಟೆಗೆ ತರಕಾರಿ ಬೀಳುವುದೇ ಅಪರೂಪ. ಆದರೂ ಆಕೆ ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡು, ರಸ್ತೆಯ ಆಚೆ ಬದಿಯಲ್ಲೇ ತಲೆ ತಗ್ಗಿಸಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಕಂಡಕ್ಟರಮ್ಮ ರಸ್ತೆ ದಾಟಿ ಅಡ್ಡ ನಿಂತೇಬಿಟ್ಟರು. ಟಿಕೆಟ್ ಇಲ್ಲದವರನ್ನು ಹಿಡಿದು ಅಭ್ಯಾಸ ಇತ್ತಲ್ಲ.

“ನನ್ನ ಮೇಲೆ ಏನೇ ಸಿಟ್ಟು ನಿಂಗೆ?”

“ಸಿಟ್ಟಲ್ಲ ಅತ್ತಿಗೆ.” ನಾದಿನಿ ಬೋರ್ಡಿನ ಕಡೆ ನೋಡಿದಳು. “ಅಲ್ಲಿಂದ ಚೀಲ ತುಂಬಿಸ್ಕೊಂಡು ಬಂದ್ರೆ, ನಮ್ಮನೆ ಕಷ್ಟ ನಾನೇ ಡಂಗುರ ಸಾರಿದ ಹಾಗಲ್ವಾ? ನಿಮ್ಮ ಬಸ್ಸಿಗೆ ಇಂಥ ಬೋರ್ಡ್ ಹಾಕಿದ್ರೆ ಯಾರಾದ್ರೂ ಹತ್ತೋರಾ?”

ಕಂಡಕ್ಟರಮ್ಮ ತಿರುಗಿ ಬೋರ್ಡು ನೋಡಿದರು. ಒಳ್ಳೆಯದು ಮಾಡುವ ಉಮೇದಿನಲ್ಲಿ ಬಾಗಿಲ ಮೇಲೇ ಅವಮಾನ ಬರೆದು ನೇತುಹಾಕಿದೆನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಹೊಸ ಹಲಗೆ ಇರಲಿಲ್ಲ. ಡಬ್ಬಿಯ ತಳದಲ್ಲಿ ಒಂದಿಷ್ಟು ಬಣ್ಣವಿತ್ತು. ಸ್ಟೂಲು ಹತ್ತಿದರು. ‘ಬ’ದ ಪಕ್ಕ ಒಂದು ಸೊನ್ನೆ ಸುತ್ತಿದರು, ‘ಡ’ವನ್ನು ಕೆರೆದು ತಿದ್ದಿ ‘ದ’ ಮಾಡಿದರು. ಜಾಗ ಸಾಲದೆ ಸೊನ್ನೆ ಕಡಲೆಕಾಳಿನಷ್ಟಾಯಿತು. ಸ್ಟೂಲು ಹಿಡಿದಿದ್ದ ನಾದಿನಿ ಕತ್ತೆತ್ತಿ ಓದಿದಳು: ‘ಬಂದವರ ಅಂಗಡಿ’.

“ಯಾರು ಬಂದ್ರೆ ಅವರದ್ದು. ಇನ್ನೇನಾದ್ರೂ ತಕರಾರಿದ್ಯಾ?”

“ಸೊನ್ನೆ ಸ್ವಲ್ಪ ಸೊಟ್ಟ,” ಎಂದು ನಾದಿನಿ ನಕ್ಕಳು.

ವಾರ ಕಳೆಯುವುದರೊಳಗೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಟೀಚರು ಬಂದರು, ದರ್ಜಿ ಬಂದ, ಡಾಕ್ಟರ ತಾಯಿಯೂ ಬಂದರು. ಬೀಗ ತರಬೇಕಿದ್ದ ಕಾರ್ಯದರ್ಶಿಯ ಕೈಯಲ್ಲೂ ಚೀಲವಿತ್ತು. ನಾದಿನಿ ಮಾತ್ರ ಹೊಸ್ತಿಲಲ್ಲಿ ಹಿಂದೆಮುಂದೆ ನೋಡುತ್ತ ನಿಂತಿದ್ದಳು. ತಕ್ಕಡಿಯಿಂದ ತಲೆಯೆತ್ತದೆ ಕಂಡಕ್ಟರಮ್ಮ ಹಳೆಯ ಗಂಟಲು ತೆರೆದರು.

“ಮುಂದೆ ಹೋಗಿ, ಮುಂದೆ ಹೋಗಿ. ಬಾಗಿಲಲ್ಲಿ ನಿಲ್ಬೇಡಿ.”

ಕಾರ್ಯದರ್ಶಿಯೇ ಸರಿದು ಜಾಗ ಬಿಟ್ಟರು. ಅಂದು ನಾದಿನಿ ಚೀಲದ ಬಾಯಿಂದ ಸೊಪ್ಪು ಹೊರಗೆ ಇಣುಕುತ್ತಿದ್ದರೂ ಮುಚ್ಚಿಕೊಳ್ಳದೆ, ರಸ್ತೆಯ ಈಚೆ ಬದಿಯಲ್ಲೇ ನಿಧಾನವಾಗಿ ಮನೆಗೆ ನಡೆದಳು.